ನೊಣ ಕುಣಿದರೆ ನಿಮಗೇನು ಕಷ್ಟ?

ನಮಸ್ಕಾರ. ಇವತ್ತು ಮೇಜಿನ ಮೇಲೆ ಒಂದು ಬಾಳೆಹಣ್ಣು ಇದೆ, ನೋಡಿ. ಐದು ದಿನದ್ದು. ಸಿಪ್ಪೆ ಪೂರ್ತಿ ಕಪ್ಪಾಗಿದೆ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಇಟ್ಟಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಕಾಮೆಂಟ್ ಓದಬೇಕು. ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಹೋದ ವಾರ ಹೃದಯದ ಬಡಿತ ತಾಳ ತಪ್ಪುವ ಬಗ್ಗೆ ಮಾತಾಡುವಾಗ, ಇದರಲ್ಲಿ ಅರ್ಧ ವಿಷಯ ಗೊತ್ತಾಗಿದ್ದು ನೊಣದಿಂದ ಅಂತ ಒಂದು ಮಾತು ಹೇಳಿದ್ದೆ. ಒಂದೇ ಮಾತು. ಅದಕ್ಕೆ ಬಂದಿದ್ದು ಇದು: "ಗುರೂ, ನೊಣದ ಕಾಲು ಅಲ್ಲಾಡೋದು ನೋಡೋಕೆ ಸಂಬಳ ಬೇರೆ ಕೊಡ್ತಾರಾ? ಇದ್ರಿಂದ ಏನ್ ಉಪಯೋಗ?" ಪಕ್ಕದಲ್ಲಿ ಮೂರು ನಗುವ ಮುಖ. ಅದಕ್ಕೆ 412 ಲೈಕ್. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಏನ್ ಉಪಯೋಗ! ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೇನೆ. ಚಿತ್ರ ಬಿಡಿಸಿದರೆ ಏನ್ ಉಪಯೋಗ. ಕನ್ನಡ ಎಂ.ಎ. ಮಾಡಿದರೆ ಏನ್ ಉಪಯೋಗ. ಈ ಚಾನೆಲ್ ಶುರು ಮಾಡಿದಾಗ ನಮ್ಮ ಚಿಕ್ಕಪ್ಪ ಕೇಳಿದ್ದೂ ಅದನ್ನೇ. ಈಗ ನೊಣದ ಸರದಿ. ಸರಿ, ಉಪಯೋಗ ತಾನೇ ಬೇಕಾಗಿದ್ದು? ಕೂತ್ಕೊಳ್ಳಿ.

1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಕಪ್ಲಾನ್, ವಿಲಿಯಂ ಟ್ರೌಟ್ ಅಂತ ಇಬ್ಬರು ಒಂದು ಪ್ರಬಂಧ ಬರೆದರು. ಅವರ ಕೆಲಸವೇ ಈ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಸಣ್ಣ ನೊಣಗಳ ಜೊತೆ. ನೊಣ ಹಾರಿಹೋಗದ ಹಾಗೆ ಆಗೆಲ್ಲ ಈಥರ್ ಆವಿ ಕೊಟ್ಟು ಎಚ್ಚರ ತಪ್ಪಿಸುತ್ತಿದ್ದರು, ಆಮೇಲೆ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡುತ್ತಿದ್ದರು. ಬೇರೆ ನೊಣಗಳೆಲ್ಲ ತೆಪ್ಪಗೆ ಬಿದ್ದಿದ್ದವು. ಕೆಲವು ಮಾತ್ರ ಎಚ್ಚರ ಇಲ್ಲದಿದ್ದರೂ ಕಾಲು ಕುಣಿಸುತ್ತಿದ್ದವು. ಆಗ ಅಲ್ಲಿ ಗೋ ಗೋ ಡಾನ್ಸ್ ಹುಚ್ಚು. ವಿಸ್ಕಿ ಅ ಗೋ ಗೋ ಅಂತ ಒಂದು ಕ್ಲಬ್ಬೇ ಇತ್ತು. ಇವರು ಆ ನೊಣದ ಜೀನ್‌ಗೆ ಈಥರ್ ಅ ಗೋ ಗೋ ಅಂತ ಹೆಸರಿಟ್ಟರು. ನಮ್ಮಲ್ಲಾಗಿದ್ದರೆ ಡೊಳ್ಳು ಕುಣಿತ ಅಂತ ಇಡುತ್ತಿದ್ದೆವೇನೋ.

ಆವತ್ತು ನಮ್ಮ ಕಾಮೆಂಟ್ ಮಹಾಶಯರು ಅಲ್ಲಿದ್ದಿದ್ದರೆ? ಲ್ಯಾಬ್‌ಗೆ ಬೀಗ. ಕಥೆ ಮುಗೀತು.

ಬೀಗ ಹಾಕಲಿಲ್ಲ. 25 ವರ್ಷ ಆದಮೇಲೆ, 1994ರಲ್ಲಿ, ವಿಸ್ಕಾನ್ಸಿನ್‌ನಲ್ಲಿ ವಾರ್ಮ್ಕಿ ಮತ್ತು ಗ್ಯಾನೆಟ್ಸ್ಕಿ ಅನ್ನುವವರು ಅದೇ ಜೀನಿನ ದಾಯಾದಿಯನ್ನು ಮನುಷ್ಯರಲ್ಲಿ ಹುಡುಕಿದರು. ಸಿಕ್ಕಿದ್ದು ಮೆದುಳಿನಲ್ಲಿ. ಅದಕ್ಕೆ ಹರ್ಗ್ ಅಂತ ಹೆಸರಾಯಿತು. ಮರುವರ್ಷವೇ ಯೂಟಾದಲ್ಲಿ ಮಾರ್ಕ್ ಕೀಟಿಂಗ್ ಅವರ ತಂಡ ಕೆಲವು ಕುಟುಂಬಗಳನ್ನು ಪರೀಕ್ಷೆ ಮಾಡುತ್ತಿತ್ತು. ವಂಶದಲ್ಲೇ ಲಾಂಗ್ ಕ್ಯೂಟಿ ಅನ್ನುವ ಹೃದಯದ ತೊಂದರೆ ಇದ್ದ ಮನೆಗಳು. ನೋಡೋಕೆ ಗಟ್ಟಿಮುಟ್ಟಾದ ಹುಡುಗ ಹುಡುಗಿಯರು ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪಿ ಬೀಳುತ್ತಾರೆ, ಕೆಲವರು ಏಳುವುದೇ ಇಲ್ಲ. ಅಂಥ ಮನೆಗಳಲ್ಲಿ ಕೆಟ್ಟಿದ್ದ ಜೀನ್ ಯಾವುದು ಗೊತ್ತಾ? ಹರ್ಗ್. ಕುಣಿದ ನೊಣದ್ದೇ ವಂಶ!

ಏನ್ ಉಪಯೋಗ ಅಂತೆ.

ಈ ಜೀನ್ ಮಾಡುವ ಕೆಲಸ ಹೇಳಿಬಿಡುತ್ತೇನೆ. ನಿಮ್ಮೂರ ಕೆರೆಗೆ ತೂಬು ಇರುತ್ತದಲ್ಲ, ಹೃದಯದ ಪ್ರತಿ ಜೀವಕೋಶದ ಗೋಡೆಯಲ್ಲೂ ಅಂಥ ತೂಬುಗಳಿವೆ. ಅಯಾನ್ ಚಾನೆಲ್ ಅನ್ನುವುದು ಇದಕ್ಕೇ. ಒಂದು ತೂಬು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ಆಮೇಲೆ ಕ್ಯಾಲ್ಸಿಯಂ ಬರುತ್ತದೆ, ಹೃದಯ ಹಿಂಡಿಕೊಳ್ಳುತ್ತದೆ. ಆಮೇಲೆ ಪೊಟ್ಯಾಸಿಯಂ ತೂಬು ತೆರೆದು ಪೊಟ್ಯಾಸಿಯಂ ಹೊರಗೆ ಹೋಗಬೇಕು. ಆಗಲೇ ಕೋಶ ಮುಂದಿನ ಬಡಿತಕ್ಕೆ ತಯಾರಾಗುವುದು. ಹರ್ಗ್ ಅನ್ನುವುದು ಆ ಕೊನೆಯ ತೂಬು. ಅದು ತಡ ಮಾಡಿದರೆ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗುತ್ತದೆ. ಹಳೇ ಬಡಿತ ಮುಗಿಯುವ ಮೊದಲೇ ಹೊಸದು ನುಗ್ಗಿದರೆ ಹೃದಯ ಬಡಿಯುವುದಿಲ್ಲ, ಸುಮ್ನೆ ನಡುಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಮನುಷ್ಯ ನೆಲಕ್ಕೆ.

ಅಂದ ಹಾಗೆ, ಹೃದಯದ ಚಾನೆಲ್ ಬೇರೆ, ನನ್ನ ಚಾನೆಲ್ ಬೇರೆ. ಸಬ್‌ಸ್ಕ್ರೈಬ್ ಮಾಡಬೇಕಾಗಿರುವುದು ನನ್ನದನ್ನು. ಮೊದಲನೆಯದು ಹುಟ್ಟುವಾಗಲೇ ಫ್ರೀ.

ಎಲ್ಲಿದ್ದೆ? ಹಾಂ. ಈ ಹರ್ಗ್ ತೂಬು ಕೆಟ್ಟವರಿಗೆ ಅಪಾಯ ಬರುವ ರೀತಿ ವಿಚಿತ್ರ. ಬೆಳಗ್ಗೆ ಅಲಾರಾಂ ಹೊಡೆಯುತ್ತದೆ, ಇಲ್ಲ ಫೋನ್ ಕಿರ್ ಅನ್ನುತ್ತದೆ. ಆ ದಿಢೀರ್ ಸದ್ದಿಗೇ ಬಡಿತ ತಪ್ಪಬಹುದು. ಬಿದ್ದಾಗ ಕೈಕಾಲು ಅದುರುವುದರಿಂದ ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಕೈಗೆ ಬೀಗದ ಕೈ ಗೊಂಚಲು ಹಿಡಿಸುತ್ತಾರೆ, ಅದೇ ಔಷಧಿ ಅನ್ನೋ ಹಾಗೆ. ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿದವರಿದ್ದಾರೆ. ಒಂದು ಇಸಿಜಿ ತೆಗೆದು ಆ ಅಂತರ ಅಳೆದಿದ್ದರೆ ಗೊತ್ತಾಗುತ್ತಿತ್ತು. ಅಳೆಯಬೇಕು ಅಂತ ಗೊತ್ತಾಗಿದ್ದು ಯಾರಿಂದ? "ಏನ್ ಉಪಯೋಗ" ಅಂದವರಿಂದ ಅಲ್ಲ.

ಇನ್ನೂ ಇದೆ. ಇದು ಅಪರೂಪದ ಕಾಯಿಲೆ ಬಿಡು, ನಮ್ಮ ಮನೇಲಿ ಯಾರಿಗೂ ಇಲ್ಲ ಅನ್ನುತ್ತೀರಿ ಅಲ್ವಾ? ನಿಮ್ಮ ಮನೆ ಮಾತ್ರೆ ಡಬ್ಬಿಗೇ ಬರೋಣ.

1985ರಲ್ಲಿ ಅಮೆರಿಕದಲ್ಲಿ ಟರ್ಫೆನಡಿನ್ ಅಂತ ಅಲರ್ಜಿ ಮಾತ್ರೆ ಬಂತು. ನೆಗಡಿ ನಿಲ್ಲುತ್ತೆ, ತೂಕಡಿಕೆ ಬರಲ್ಲ. ಜನ ಮುಗಿಬಿದ್ದರು. 1990ರಲ್ಲಿ ವೈದ್ಯರು ಒಂದು ಕೇಸ್ ಬರೆದರು. 39 ವರ್ಷದ ಹೆಂಗಸು, ಈ ಮಾತ್ರೆ ತಗೊಳ್ಳುತ್ತಿದ್ದರು. ಜೊತೆಗೆ ಫಂಗಸ್‌ಗೆ ಅಂತ ಕೀಟೋಕೊನಜೋಲ್ ಮಾತ್ರೆ, ಅದೂ ತಾವೇ ನಿರ್ಧಾರ ಮಾಡಿ ನುಂಗಿದ್ದು. ಎರಡೂ ಸಾಧಾರಣ ಮಾತ್ರೆಗಳೇ. ಹೃದಯ ತಾಳ ತಪ್ಪಿತು. ನಡೆದಿದ್ದು ಇಷ್ಟು. ಟರ್ಫೆನಡಿನ್ ಹೊಟ್ಟೆಗೆ ಹೋದ ಕೂಡಲೇ ಲಿವರ್ ಅದನ್ನು ಬೇರೆ ರೂಪಕ್ಕೆ ತಿರುಗಿಸಿಬಿಡುತ್ತದೆ. ಫಂಗಸ್ ಮಾತ್ರೆ ಲಿವರ್‌ನ ಆ ಕೆಲಸಕ್ಕೆ ಅಡ್ಡ ಬಂತು. ಟರ್ಫೆನಡಿನ್ ಹಾಗೇ ರಕ್ತದಲ್ಲಿ ಉಳಿದು ಸೀದಾ ಹೋಗಿ ತೂಬಿಗೆ ಸಿಕ್ಕಿಕೊಂಡಿತು. ಯಾವ ತೂಬು? ಹೇಳಿ ಸಾರ್, ಯಾವ ತೂಬು? ಹರ್ಗ್! ನೊಣದ್ದು! 1996ರಲ್ಲಿ ಅದನ್ನು ಲ್ಯಾಬ್‌ನಲ್ಲಿ ತೋರಿಸಿದರು, 1998ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಮಾತ್ರೆ ಹೋಯಿತು.

ಈಗ ಲಿವರ್ ತಿರುಗಿಸುತ್ತಿತ್ತಲ್ಲ ಆ ಇನ್ನೊಂದು ರೂಪ, ಅದರ ಹೆಸರು ಫೆಕ್ಸೋಫೆನಡಿನ್. ತೂಬಿನ ತಂಟೆಗೆ ಹೋಗಲ್ಲ. ಅದನ್ನೇ ಮಾತ್ರೆ ಮಾಡಿದರು. ಬೆಂಗಳೂರಿನ ಧೂಳಿಗೆ, ಪಾರ್ಥೇನಿಯಂಗೆ ಸೀನಿ ಸೀನಿ ಮೆಡಿಕಲ್ ಶಾಪಿನಲ್ಲಿ "ಒಂದು ಅಲೆಗ್ರಾ ಕೊಡಿ" ಅನ್ನುತ್ತೀರಲ್ಲ, ಅದೇ. ಇವತ್ತು ಹೊಸ ಔಷಧಿ ಬಂದರೆ, ಸಾಮಾನ್ಯವಾಗಿ ಮನುಷ್ಯರಿಗೆ ಕೊಡುವ ಮೊದಲು ಹರ್ಗ್ ತೂಬಿಗೆ ಅಡ್ಡ ಕೂರುತ್ತದಾ ಅಂತ ನೋಡುತ್ತಾರೆ. ಅದಕ್ಕೆ 2005ರಿಂದ ಅಂತರರಾಷ್ಟ್ರೀಯ ನಿಯಮವೇ ಇದೆ. ಈ ತೂಬಿನ ಒಳಬಾಯಿ ಅಗಲ, ಅಂಟೂ ಜಾಸ್ತಿ. ಹೊಟ್ಟೆ ಉರಿ ಮಾತ್ರೆ, ಆಂಟಿಬಯಾಟಿಕ್, ಮಾನಸಿಕ ಕಾಯಿಲೆಯ ಔಷಧಿ, ಎಲ್ಲದರಲ್ಲೂ ಕೆಲವು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಹಾಗಂತ ಹೆದರಿ ನಡೀತಿರೋ ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ. ಆಮೇಲೆ ನನ್ನ ಮೇಲೆ ಬರಬೇಡಿ.

ಇನ್ನೊಬ್ಬರು, ಬಹಳ ಗಂಭೀರವಾಗಿ: "ಇದಕ್ಕೆಲ್ಲ ನೊಣ ಯಾಕೆ, ಕಾಮನ್ ಸೆನ್ಸ್ ಸಾಕು." ಓಹೋ.

ಕಾಮನ್ ಸೆನ್ಸ್ ಕಥೆ ಕೇಳಿ. ಹಾರ್ಟ್ ಅಟ್ಯಾಕ್ ಆದವರಿಗೆ ಮಧ್ಯೆ ಮಧ್ಯೆ ಹೆಚ್ಚುವರಿ ಬಡಿತ ಬಂದರೆ ಸಾವಿನ ಅಪಾಯ ಜಾಸ್ತಿ ಅಂತ ಗೊತ್ತಿತ್ತು. ಹಾಗಾದರೆ ಆ ಬಡಿತ ಅಡಗಿಸಿದರೆ ಬದುಕುತ್ತಾರೆ, ಅಲ್ವಾ? ಎನ್‌ಕೈನೈಡ್, ಫ್ಲೆಕೈನೈಡ್ ಅಂತ ಎರಡು ಔಷಧಿ ಇದ್ದವು. ಸೋಡಿಯಂ ತೂಬು ಮುಚ್ಚುವಂಥವು. ಬಡಿತ ಅಡಗುತ್ತಿತ್ತು, ಇಸಿಜಿ ಚೊಕ್ಕವಾಗುತ್ತಿತ್ತು, ಡಾಕ್ಟರ್‌ಗೂ ಖುಷಿ, ರೋಗಿಗೂ ಖುಷಿ. ಕಾಸ್ಟ್ ಅನ್ನುವ ಪ್ರಯೋಗದಲ್ಲಿ ಒಟ್ಟು 1,498 ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಬರೀ ಸಕ್ಕರೆ ಮಾತ್ರೆಯಂಥದ್ದು ಕೊಟ್ಟು ನೋಡಿದರು. ಸರಾಸರಿ ಹತ್ತು ತಿಂಗಳು. ಸುಮ್ಮನೆ ಮಾತ್ರೆ ನುಂಗಿದ 743 ಜನರಲ್ಲಿ ಸತ್ತವರು 26. ಔಷಧಿ ನುಂಗಿದ 755 ಜನರಲ್ಲಿ 63.

ಅರವತ್ತಮೂರು.

ಇಸಿಜಿ ಚೊಕ್ಕವಾಗಿತ್ತು, ಮನುಷ್ಯ ಇರಲಿಲ್ಲ. ಇದು ಕಾಮನ್ ಸೆನ್ಸ್ ಕೊಟ್ಟ ಲೆಕ್ಕ. ಈ ಸಂಖ್ಯೆ ಮೊದಲ ಸಲ ಓದಿದ ದಿನ ನಾನು ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದೆ. ತೂಬು ಹೇಗೆ ಕೆಲಸ ಮಾಡುತ್ತದೆ ಅಂತ ನೋಡದೆ ತೂಬಿಗೆ ಕೈ ಹಾಕಿದರೆ ಕೆರೆ ಒಡೆಯುತ್ತದೆ ಸ್ವಾಮಿ. ಅದಕ್ಕೇ ಯಾರಾದರೂ ಕೂತು ನೊಣದ ಕಾಲು ನೋಡಬೇಕು.

"ಅದು ಅಮೆರಿಕ, ದುಡ್ಡಿರೋರು. ನಮ್ಮ ತೆರಿಗೆ ದುಡ್ಡಲ್ಲಿ ಬೇಡ." ಇದು ಮೂರನೇ ಕಾಮೆಂಟ್. ನಿಮಗೆ ತಡವಾಯಿತು. ಬೆಂಗಳೂರಿನ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಎನ್‌ಸಿಬಿಎಸ್ ಅಂತ ಸರ್ಕಾರದ ದುಡ್ಡಿನಲ್ಲೇ ನಡೆಯುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಇದೆ. ಅದನ್ನು ಕಟ್ಟಿದ ಒಬೈದ್ ಸಿದ್ದಿಕಿ ನೊಣದವರೇ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ ಸೇರಿ, ಬಿಸಿ ಮಾಡಿದರೆ ನಿಂತಲ್ಲೇ ಬಿದ್ದು, ತಣ್ಣಗಾದರೆ ಎದ್ದು ಓಡಾಡುವ ನೊಣಗಳ ಮೇಲೆ ಕೆಲಸ ಮಾಡಿದರು. ಅಂಥ ಒಂದು ನೊಣದಲ್ಲಿ ಕೆಟ್ಟಿದ್ದು ಸೋಡಿಯಂ ತೂಬು ಅಂತ ಆಮೇಲೆ ಗೊತ್ತಾಯಿತು. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಬಿಸಿಲಿಗೆ ನಿಂತಾಗ ನನಗೂ ಹಾಗೇ ಆಗುತ್ತೆ, ಅದು ಬೇರೆ ವಿಷಯ.

ಕಪ್ಪೆ ಬಗ್ಗೆ ಹೇಳಲೇ ಇಲ್ಲ ನಾನು. 1880ರ ದಶಕ, ಲಂಡನ್, ಸಿಡ್ನಿ ರಿಂಗರ್ ಅಂತ ಒಬ್ಬ ಡಾಕ್ಟರ್. ಕಪ್ಪೆಯ ಹೃದಯ ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟರೆ ಗಂಟೆಗಟ್ಟಲೆ ಬಡಿಯಿತು. ಆಮೇಲೆ ನೋಡಿದರೆ ಆ ನೀರು ಬಟ್ಟಿ ಇಳಿಸಿದ್ದಲ್ಲ, ನಲ್ಲಿ ನೀರು! ಬಟ್ಟಿ ಇಳಿಸಿದ ನೀರಿಗೆ ಉಪ್ಪು ಹಾಕಿ ಇಟ್ಟರೆ ಬೇಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಆಟ ಅದು. ತಾಲೂಕು ಆಸ್ಪತ್ರೆಯಲ್ಲಿ ವಾಂತಿ ಭೇದಿ ಅಂತ ಮಲಗಿದರೆ ಕೈಗೆ ಏರಿಸುತ್ತಾರಲ್ಲ ಆರ್ ಎಲ್ ಬಾಟಲಿ, ಆ ಆರ್ ಅಂದರೆ ಈ ರಿಂಗರ್. ಕಪ್ಪೆ ಹೃದಯ ನೋಡಿ ಏನ್ ಉಪಯೋಗ ಅಂತ ಕೇಳುವವರು ಮುಂದಿನ ಸಲ ಡ್ರಿಪ್ ಹಾಕಿಸಿಕೊಳ್ಳುವಾಗ ಬಾಟಲಿ ಮೇಲಿನ ಹೆಸರು ಓದಿ.

ಇದೇ ಜನ 2020ರಲ್ಲಿ ಕೊರೊನಾ ಬಂದಾಗ ಏನು ಮಾಡಿದರು? ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ! ನಮ್ಮ ಅದೇ ಚಿಕ್ಕಪ್ಪ ಎರಡು ಸ್ಟ್ರಿಪ್ ತಂದು ಫ್ರಿಜ್‌ನಲ್ಲಿ ಹಾಲಿನ ಪ್ಯಾಕೆಟ್ ಪಕ್ಕ ಇಟ್ಟಿದ್ದರು. ಜೊತೆಗೆ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್. ಎರಡೂ ಆ ಕ್ಯೂಟಿ ಉದ್ದ ಮಾಡಬಲ್ಲವು. ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ಕೊಡುತ್ತಿದ್ದುದು ಅದಕ್ಕೇ. ನಾನು ಹೇಳಿದೆ, ಚಿಕ್ಕಪ್ಪ ಬೇಡ. ಅವರು ಏನಂದರು? "ನೀನು ನೊಣದ ಕಥೆ ಬಿಡು." ಬಿಡಲ್ಲ!

ಆಯಿತು, ಇನ್ನೂ ಒಬ್ಬರು "ಎಲ್ಲಾ ನೊಣದಿಂದಲೂ ಇಷ್ಟು ಸಿಗುತ್ತಾ?" ಅಂತ ಕೇಳಿದ್ದಾರೆ. ಸಿಗಲ್ಲ. ಯಾವುದರಿಂದ ಸಿಗುತ್ತೆ ಅಂತ ಮೊದಲೇ ಗೊತ್ತಿದ್ದರೆ ನಾನು ಯಾಕೆ ಯೂಟ್ಯೂಬ್ ಮಾಡುತ್ತಿದ್ದೆ, ಲಾಟರಿ ಮಾಡುತ್ತಿದ್ದೆ. ಮುಂದಿನ ಪ್ರಶ್ನೆ. ಮುಂದಿನ ಪ್ರಶ್ನೆ ಇಲ್ಲ. ಮಗ್ ಬಂದಿದೆ, 349 ರೂಪಾಯಿ, ಮೇಲೆ ಕುಣಿಯುವ ನೊಣದ ಚಿತ್ರ, ಲಿಂಕ್ ಕೆಳಗಿದೆ. ಇದರಿಂದ ಏನ್ ಉಪಯೋಗ ಅಂತ ಕೇಳಿದರೆ ಬ್ಲಾಕ್ ಮಾಡುತ್ತೇನೆ. ಕಾಫಿ ಕುಡಿಯಬಹುದು ಕಣ್ರೀ!

ಒಂದು ನಿಮಿಷ... ಅಮ್ಮ ಕರೀತಿದ್ದಾರೆ. "ಲೋ, ಆ ಹಣ್ಣು ಇನ್ನೂ ಎಸೆದಿಲ್ವೇನೋ, ಮನೆ ತುಂಬ ಗುಂಗುರು ಆಗಿದೆ." ಅಮ್ಮಾ, ಇರಲಿ ಬಿಡೇ, ಇನ್ನೂ ಥಂಬ್‌ನೇಲ್ ಫೋಟೋ ತೆಗೆದಿಲ್ಲ.