ಆರು ಸಾವಿರವೋ, 454 ಕೋಟಿಯೋ? ಕಾರವಾರದ ಬಂಡೆ ಮೇಲೆ ಕೂತು ಒಂದು ಲೆಕ್ಕ

[ದೃಶ್ಯ: ಕಾರವಾರದ ಕಡಲತೀರ, ಇಳಿತದ ಹೊತ್ತು. ನಿರೂಪಕರು ಬಂಡೆಯ ಮೇಲೆ ಕೂತಿದ್ದಾರೆ.]

ನಮಸ್ಕಾರ. ಇದೇ ಊರಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇದ್ದಾಳೆ ಅಂದುಕೊಳ್ಳಿ. ಭಾನುವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿದ ಮೇಲೆ ದೊತೊರ್ನ್ ಕ್ಲಾಸು, ಮಕ್ಕಳಿಗೆ ಕ್ರೈಸ್ತ ಧರ್ಮದ ಪಾಠ. ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ ಕತೆ. ಸೋಮವಾರ ಶಾಲೆಯಲ್ಲಿ ಭೂಮಿಗೆ ಸುಮಾರು 454 ಕೋಟಿ ವರ್ಷ ಅನ್ನುವ ಪಾಠ. ಸಂಜೆ ಮನೆಯ ಮೊಬೈಲಿಗೆ ಒಂದು ಫಾರ್ವರ್ಡ್: ಭೂಮಿಗೆ ಆರೇ ಸಾವಿರ ವರ್ಷ, ಬೈಬಲಿನಲ್ಲೇ ಇದೆ. ಅವಳು ಯಾರ ಮಾತು ಕೇಳಬೇಕು?

ನಾನಾದರೆ ಮೊದಲು ಆ ಆರು ಸಾವಿರ ಎಲ್ಲಿಂದ ಬಂತು ಅಂತ ಹುಡುಕುತ್ತೇನೆ. ಯಾಕೆಂದರೆ ಬೈಬಲ್ ಪೂರ್ತಿ ಮಗುಚಿದರೂ ಭೂಮಿಯ ವಯಸ್ಸು ಇಷ್ಟು ಅನ್ನುವ ಸಾಲು ಸಿಗುವುದಿಲ್ಲ.

[ಪರದೆಯ ಮೇಲೆ: ಆದಿಕಾಂಡ, 5ನೇ ಅಧ್ಯಾಯ]

ಅಲ್ಲಿರುವುದು ವಂಶಾವಳಿ. ಆದಾಮನಿಗೆ 130 ವರ್ಷವಾದಾಗ ಸೇತ ಹುಟ್ಟಿದ. ಸೇತನಿಗೆ 105 ಆದಾಗ ಎನೋಷ ಹುಟ್ಟಿದ. ಹೀಗೇ ಅಪ್ಪ, ಮಗ, ಮೊಮ್ಮಗ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಇದನ್ನೆಲ್ಲ ಕೂಡಿಸಿದರು. ಅದನ್ನು ಬಾಬಿಲೋನಿನ ರಾಜರ ಕಾಲಕ್ಕೆ ಗಂಟು ಹಾಕಿದರು. 1650ರಲ್ಲಿ ಉತ್ತರ ಪ್ರಕಟಿಸಿದರು: ಸೃಷ್ಟಿ ಶುರುವಾದದ್ದು ಕ್ರಿ.ಪೂ. 4004, ಅಕ್ಟೋಬರ್ 23ರ ಹಿಂದಿನ ಸಂಜೆ. ನಗಬೇಡಿ. ಆ ಕಾಲಕ್ಕೆ ಅದು ದೊಡ್ಡ ವಿದ್ವತ್ತಿನ ಕೆಲಸ. ಎಡವಟ್ಟಾದದ್ದು ಆಮೇಲೆ. 1701ರಿಂದ ಇಂಗ್ಲಿಷ್ ಬೈಬಲಿನ ಪ್ರತಿಗಳಲ್ಲಿ ಈ ಇಸವಿಯನ್ನು ಪುಟದ ಅಂಚಿಗೆ ಅಚ್ಚು ಹಾಕತೊಡಗಿದರು. ಓದುವವರಿಗೆ ಅಂಚಿನ ಟಿಪ್ಪಣಿಯೂ ದೇವರ ವಾಕ್ಯದ ಹಾಗೇ ಕಂಡಿತು.

ಇನ್ನೊಂದು ತಮಾಷೆ ಇದೆ. ನಾನು ಹೇಳಿದ 130, 105 ಹೀಬ್ರೂ ಬೈಬಲಿನದ್ದು. ಹಳೆಯ ಗ್ರೀಕ್ ಅನುವಾದ ತೆಗೆದರೆ ಅದೇ ಆದಾಮನಿಗೆ 230, ಸೇತನಿಗೆ 205! ಹಾಗಾಗಿ ಗ್ರೀಕ್ ಅನುವಾದ ಹಿಡಿದ ಬೈಜಾಂಟಿಯಮ್‌ನವರ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕ್ರೈಸ್ತರ, ಲೆಕ್ಕದಲ್ಲಿ ಸೃಷ್ಟಿ ಕ್ರಿ.ಪೂ. 5509ಕ್ಕೆ ಹೋಯಿತು. ಯಹೂದಿ ಪಂಚಾಂಗದಲ್ಲಿ ಅದು ಕ್ರಿ.ಪೂ. 3761. ಒಂದೇ ಗದ್ದೆಗೆ ಮೂರು ಪಹಣಿ, ಮೂರರಲ್ಲೂ ಬೇರೆ ಬೇರೆ ಅಳತೆ.

[ದೃಶ್ಯ: ಬಂಡೆಯ ಮೇಲ್ಮೈ, ಹತ್ತಿರದಿಂದ]

ಈಗ ನಾನು ಕೂತಿರುವ ಈ ಬಂಡೆ. ಕಾರವಾರದ ಸುತ್ತಲಿನ ಗ್ರಾನೈಟ್ ಜಾತಿಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಮನೆ ಕಟ್ಟುವ ಚಿರೇಕಲ್ಲನ್ನು ಇದರ ಜೊತೆ ಸೇರಿಸಬೇಡಿ. ಅದು ಹಳೇ ಬಂಡೆ ಮಳೆ, ಬಿಸಿಲಿಗೆ ಸವೆದು ಆದದ್ದು, ಇದರ ಮುಂದೆ ಮಗು.

ವಯಸ್ಸು ಗೊತ್ತಾಗುವುದು ಹೇಗೆ? ಇಂಥ ಬಂಡೆಯೊಳಗೆ ಜಿರ್ಕಾನ್ ಅನ್ನುವ ಪುಟ್ಟ ಹರಳುಗಳಿರುತ್ತವೆ, ಮರಳಿನ ಕಣದಷ್ಟು. ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಬಿಟ್ಟುಕೊಳ್ಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಆ ಯುರೇನಿಯಂ ತನ್ನಷ್ಟಕ್ಕೆ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂನಲ್ಲಿ ಎರಡು ಬಗೆ. ಒಂದು ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ 70 ಕೋಟಿ ಸಾಕು. ಅಂದರೆ ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ತೋರಿಸಿದರೆ ಆ ಲೆಕ್ಕ ಗಟ್ಟಿ. ಇಲ್ಲಿ ಪಹಣಿಗಳು ತಾಳೆಯಾಗುತ್ತವೆ.

ಇಡೀ ಭೂಮಿಯ ವಯಸ್ಸಿಗೆ ಮಾತ್ರ ಭೂಮಿಯ ಹೆಚ್ಚು ಕಡಿಮೆ ಜೊತೆಗೇ ಹುಟ್ಟಿ ಆಕಾಶದಿಂದ ಬಿದ್ದ ಉಲ್ಕಾಶಿಲೆ ಬೇಕಾಯಿತು, ಯಾಕೆಂದರೆ ಭೂಮಿಯ ಮೊದಲ ಕಲ್ಲುಗಳು ಕರಗಿ ಹೋಗಿವೆ. 1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು 455 ಕೋಟಿ ಅಂದರು. ಇವತ್ತಿಗೂ ಆ ಸಂಖ್ಯೆ ಹೆಚ್ಚು ಅಲುಗಾಡಿಲ್ಲ.

ಇಷ್ಟು ಕೇಳಿ ಕೆಲವರಿಗೆ ಖುಷಿ ಆಗಿರಬಹುದು. ಇಲ್ಲೇ ಹತ್ತಿರ ಗೋಕರ್ಣದಲ್ಲಿ ಭಟ್ಟರು ಸಂಕಲ್ಪ ಹೇಳುವಾಗ ಶ್ವೇತವರಾಹ ಕಲ್ಪ ಬರುತ್ತದೆ, ಕಲ್ಪ ಅಂದರೆ 432 ಕೋಟಿ ವರ್ಷ, ನೋಡಿ ನಮ್ಮವರಿಗೆ ಗೊತ್ತಿತ್ತು ಅಂತ. ಸ್ವಲ್ಪ ತಡೆಯಿರಿ. 432 ಕೋಟಿ ಇಡೀ ಕಲ್ಪದ ಉದ್ದ. ಅದೇ ಲೆಕ್ಕದಲ್ಲಿ ಈವರೆಗೆ ಕಳೆದದ್ದು ಸುಮಾರು 197 ಕೋಟಿ. ಸಂಖ್ಯೆ ಹತ್ತಿರ ಬಂತು ಅಂತ ಸುಮ್ನೆ ಹಿಗ್ಗುವುದೂ ಅಶರ್ ಲೆಕ್ಕವನ್ನು ಫಾರ್ವರ್ಡ್ ಮಾಡುವುದೂ ಒಂದೇ ಜಾತಿ.

[ದೃಶ್ಯ: ಇಗರ್ಜಿಯ ಹೊರಗೋಡೆ, ಸಂಜೆ]

ಹಾಗಾದರೆ ಕ್ರೈಸ್ತರೆಲ್ಲ ಕಲ್ಲಿನ ಲೆಕ್ಕಕ್ಕೆ ವಿರೋಧಿಗಳಾ? ಕಲ್ಲಿನ ಪದರ ಓದುವ ನಿಯಮ ಬರೆದವರು ನಿಕೋಲಸ್ ಸ್ಟೆನೊ, 1669ರಲ್ಲಿ. ಅವರೇ ಮುಂದೆ ಕ್ಯಾಥೊಲಿಕ್ ಬಿಷಪ್ ಆದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಪಾದ್ರಿ. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂತ ಹೇಳಿದರು. ಆರು ಸಾವಿರವನ್ನೇ ಅಕ್ಷರಶಃ ನಂಬುವ ಕ್ರೈಸ್ತರೂ ಇದ್ದಾರೆ. ಆದರೆ ಇವತ್ತು ಫಾರ್ವರ್ಡಿನಲ್ಲಿ ಬರುವ ವಾದ ಬಲ ಪಡೆದದ್ದು 1960ರ ದಶಕದ ಅಮೆರಿಕದಲ್ಲಿ. ನಮ್ಮ ಕರಾವಳಿಯ ಇಗರ್ಜಿಗಳು ಅದಕ್ಕಿಂತ ಎಷ್ಟೋ ಹಳೆಯವು.

ಯಾಣದ ಕಡೆ ಹೋಗಿ ನೋಡಿ. ಅಲ್ಲಿನ ಕಪ್ಪಿಗೆ ಭಸ್ಮಾಸುರನ ಬೂದಿ ಕಾರಣ ಅನ್ನುತ್ತಾರೆ. ಆ ಶಿಖರ ಸುಣ್ಣದಕಲ್ಲು ಅಂದರೂ ಯಾರೂ ಜಗಳಕ್ಕೆ ಬರುವುದಿಲ್ಲ.

ಸರಿ, ಆ ಹುಡುಗಿ. ಪರೀಕ್ಷೆಯಲ್ಲಿ 454 ಕೋಟಿ ಅಂತಲೇ ಬರಿ ಮಗಾ. ಮುಂದಿನ ಭಾನುವಾರ ದೊತೊರ್ನ್ ಕ್ಲಾಸಿನಲ್ಲಿ ಕೈ ಎತ್ತಿ ಕೇಳು: ಆದಿಕಾಂಡದಲ್ಲಿ ಸೂರ್ಯ ಬರುವುದು ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನ ಎಂಥ ದಿನ? ಅಧಿಕಪ್ರಸಂಗ ಅಂತ ಯಾರಾದರೂ ಗದರಿದರೆ, ಈ ಪ್ರಶ್ನೆಯನ್ನು ಸಂತ ಅಗಸ್ಟಿನ್ 1600 ವರ್ಷದ ಹಿಂದೆಯೇ ಎತ್ತಿದ್ದರು ಅಂತ ಹೇಳು.