ದಂಡು, ಪೇಟೆ ಮತ್ತು ಒಂದು ದ್ವೀಪ

ಎಲ್ಲರಿಗೂ ನಮಸ್ಕಾರ.

ಬಸವನಗುಡಿಯಲ್ಲಿ ಕುಳಿತು ಪರದೇಶದ ನೆಲದಲ್ಲಿರುವ ಸೇನಾ ನೆಲೆಗಳ ಬಗ್ಗೆ ಮಾತನಾಡುವುದು ಬಲು ದೂರದ ವಿಷಯವೆಂದು ಕೆಲವರಿಗೆ ಅನಿಸಬಹುದು. ನನ್ನ ಅಜ್ಜಿಗೆ ಹಾಗೆ ಅನಿಸುತ್ತಿರಲಿಲ್ಲ. ಚಾಮರಾಜಪೇಟೆಯ ಅವರು ಶಿವಾಜಿನಗರದ ಕಡೆಗೆ ಹೊರಟರೆ ‘ದಂಡಿಗೆ ಹೋಗಿ ಬರುತ್ತೇನೆ’ ಎನ್ನುತ್ತಿದ್ದರು. ಅದೇ ಊರು, ಅದೇ ಬಿಸಿಲು. ಆದರೂ ಬೇರೆ ಸೀಮೆಗೆ ಹೊರಟವರಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ರೈಲು ನಿಲ್ದಾಣ ಇಂದಿಗೂ ‘ಬೆಂಗಳೂರು ದಂಡು’. ದಂಡು ಎಂದರೆ ಸೈನ್ಯ. ಯಾರ ಸೈನ್ಯ ಎಂಬುದೇ ಇಂದಿನ ನನ್ನ ಮಾತಿನ ಮೂಲ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ಮೈಸೂರನ್ನು ಕಾಯಲು ಕಂಪನಿಯ ಪಡೆ ಇಲ್ಲೇ ಇರುತ್ತದೆ, ಅದರ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಗಮನಿಸಿ: ನೆಲವೂ ನಮ್ಮದು, ಬಾಡಿಗೆಯೂ ನಮ್ಮದೇ. ಶ್ರೀರಂಗಪಟ್ಟಣದಲ್ಲಿ ಮಲೇರಿಯಾ ಸಿಪಾಯಿಗಳನ್ನು ನುಂಗತೊಡಗಿದಾಗ, 1809ರಲ್ಲಿ ಆ ಪಡೆ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಯೂರಿತು. 1831ರಲ್ಲಿ ಕಂಪನಿ ರಾಜನಿಂದ ಆಡಳಿತವನ್ನೇ ಕಿತ್ತುಕೊಂಡಾಗ ಆಧಾರವಾಗಿ ಎತ್ತಿ ತೋರಿಸಿದ್ದೂ ಅದೇ ಒಪ್ಪಂದವನ್ನು. ಐವತ್ತು ವರ್ಷಗಳ ನಂತರ, 1881ರಲ್ಲಿ, ರಾಜ್ಯ ಒಡೆಯರಿಗೆ ಮರಳಿತು, ದಂಡು ಮರಳಲಿಲ್ಲ. ಅದು ಕೈಸೇರಿದ್ದು 1947ರಲ್ಲಿ. ಕಾಯಲು ಬಂದವರು ಜಾಗ ಬಿಡಲು 138 ವರ್ಷ ಹಿಡಿಯಿತು. ಕಬ್ಬನ್ ಪಾರ್ಕಿನ ಆಚೆಗೆ ಬೇರೆ ಆಡಳಿತ, ಬೇರೆ ನ್ಯಾಯಾಲಯ. ಇನ್‌ಫಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳು ಇನ್ನೂ ನಮ್ಮ ನಾಲಿಗೆಯ ಮೇಲಿವೆ.

ಸೇನಾ ನೆಲೆ ಎಂದೊಡನೆ ನಾವು ವಿಮಾನ, ಹಡಗು, ಕ್ಷಿಪಣಿಗಳನ್ನು ಎಣಿಸುತ್ತೇವೆ. ನಾನು ಮೊದಲು ನೋಡುವುದು ಬೇಲಿಯ ಒಳಗೆ ಯಾರ ಕಾನೂನು ನಡೆಯುತ್ತದೆ ಎಂಬುದನ್ನು. ಕೆಲವೊಮ್ಮೆ ಆ ಕಾನೂನು ಬೇಲಿ ದಾಟಿ ಹೊರಗೂ ಬರುತ್ತದೆ. 2004ರ ಆಗಸ್ಟ್‌ನಲ್ಲಿ ಜಪಾನಿನ ಒಕಿನಾವಾದಲ್ಲಿ ಅಮೆರಿಕದ ಹೆಲಿಕಾಪ್ಟರ್ ಒಂದು ವಿಶ್ವವಿದ್ಯಾಲಯದ ಆವರಣಕ್ಕೆ ಬಿತ್ತು. ಪುಣ್ಯಕ್ಕೆ ಸ್ಥಳೀಯರು ಯಾರೂ ಸಾಯಲಿಲ್ಲ. ಆದರೆ ಅಮೆರಿಕದ ಸೈನಿಕರು ಆ ಜಾಗವನ್ನು ಸುತ್ತುವರಿದು ಜಪಾನಿನ ಪೊಲೀಸರನ್ನೇ ಹೊರಗೆ ನಿಲ್ಲಿಸಿದರು. ತಮ್ಮ ಊರಿನ ಕಾಲೇಜಿನೊಳಗೆ ತಮ್ಮ ಪೊಲೀಸರಿಗೇ ಪ್ರವೇಶವಿಲ್ಲ! ಜಪಾನಿನ ನೆಲದಲ್ಲಿ ಶೇ. 0.6ರಷ್ಟಿರುವ ಒಕಿನಾವಾ, ಆ ದೇಶದಲ್ಲಿ ಅಮೆರಿಕದ ಸೇನೆಗೇ ಮೀಸಲಾದ ಜಾಗದಲ್ಲಿ ಸುಮಾರು ಶೇ. 70ರಷ್ಟನ್ನು ಹೊತ್ತಿದೆ. ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯ ಕಥೆ ಇನ್ನೊಂದು ಬಗೆಯದು. 1903ರಿಂದ ಅಲ್ಲಿ ಅಮೆರಿಕದ ನೆಲೆಯಿದೆ, ಈಗಿನ ಬಾಡಿಗೆ ವರ್ಷಕ್ಕೆ 4,085 ಡಾಲರ್. 1959ರ ಕ್ರಾಂತಿಯ ನಂತರ, ಆರಂಭದಲ್ಲಿ ಒಂದು ಚೆಕ್ ನಗದಾದದ್ದು ಬಿಟ್ಟರೆ, ಕ್ಯೂಬಾ ಆ ಹಣವನ್ನು ಮುಟ್ಟಿಲ್ಲ. ಬೇಡ ಎಂದರೂ ಬಾಡಿಗೆದಾರ ಎದ್ದಿಲ್ಲ. ಬೇಡವೆಂದು ಎಬ್ಬಿಸಿದವರೂ ಇದ್ದಾರೆ: 1991ರಲ್ಲಿ ಫಿಲಿಪ್ಪೀನ್ಸ್‌ನ ಸೆನೆಟ್ 12–11 ಮತಗಳಿಂದ ಅಮೆರಿಕದ ನೆಲೆಗಳ ಒಪ್ಪಂದವನ್ನು ತಿರಸ್ಕರಿಸಿತು, ಮರುವರ್ಷ ಸುಬಿಕ್ ಕೊಲ್ಲಿಯ ನೆಲೆ ಖಾಲಿಯಾಯಿತು. ಒಂದೇ ಒಂದು ಮತದ ಅಂತರ.

ಇನ್ನು ನನ್ನ ನಿದ್ದೆಗೆಡಿಸಿದ ಜಾಗಕ್ಕೆ ಬರುತ್ತೇನೆ. ಕನ್ಯಾಕುಮಾರಿಯಿಂದ ತುಸು ಪಶ್ಚಿಮಕ್ಕೆ ವಾಲಿ ದಕ್ಷಿಣಕ್ಕೆ ಸಾಗಿದರೆ, ಸುಮಾರು 1,800 ಕಿಲೋಮೀಟರ್ ದೂರದಲ್ಲಿ, ಚಾಗೋಸ್ ದ್ವೀಪಸಮೂಹದ ಡಿಯಾಗೊ ಗಾರ್ಸಿಯಾ ಸಿಗುತ್ತದೆ. ಅಲ್ಲಿ ತೆಂಗು ಬೆಳೆದು ಕೊಬ್ಬರಿ ಮಾಡಿ ಬದುಕುತ್ತಿದ್ದವರ ಪೂರ್ವಿಕರು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರು, ಕೂಲಿಗೆಂದು ಬಂದ ಭಾರತೀಯರು. 1965ರಲ್ಲಿ, ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮುನ್ನವೇ, ಬ್ರಿಟನ್ 30 ಲಕ್ಷ ಪೌಂಡ್ ಕೊಟ್ಟು ಈ ದ್ವೀಪಗಳನ್ನು ಕತ್ತರಿಸಿಟ್ಟುಕೊಂಡಿತು. ಮರುವರ್ಷ ಡಿಯಾಗೊ ಗಾರ್ಸಿಯಾವನ್ನು ಅಮೆರಿಕದ ಸೇನಾ ನೆಲೆಗೆಂದು ತೆರೆಯಿತು. ಪ್ರತಿಯಾಗಿ, ಬ್ರಿಟನ್ ಅಮೆರಿಕದಿಂದ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಗಳ ಲೆಕ್ಕದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ. ಅಲ್ಲಿದ್ದವರೆಲ್ಲ ಬರೀ ಗುತ್ತಿಗೆ ಕೂಲಿಗಳು, ಕಾಯಂ ನಿವಾಸಿಗಳೇ ಇಲ್ಲ ಎಂಬ ಸುಳ್ಳನ್ನು ಕಡತಗಳಿಗೆ ತುಂಬಲಾಯಿತು. 1968ರಿಂದ 1973ರೊಳಗೆ ಎಲ್ಲರನ್ನೂ ಎಬ್ಬಿಸಿ ಮಾರಿಷಸ್, ಸೇಶೆಲ್ಸ್‌ಗಳ ದಡಕ್ಕೆ ಇಳಿಸಿದರು. 1971ರಲ್ಲಿ ಜನರು ಸಾಕಿದ್ದ ನಾಯಿಗಳನ್ನು ಕೊಬ್ಬರಿ ಒಣಗಿಸುವ ಕೊಟ್ಟಿಗೆಗೆ ಕೂಡಿ, ಸೇನಾ ವಾಹನಗಳ ಹೊಗೆ ಬಿಟ್ಟು ಕೊಂದರು. ತಮ್ಮ ನಾಯಿಗಳಿಗೆ ಹೀಗಾದದ್ದನ್ನು ಕಂಡ ಮೇಲೆ ಹಡಗು ಹತ್ತುವುದಿಲ್ಲ ಎನ್ನುವ ಧೈರ್ಯ ಯಾರಿಗೆ ಉಳಿದೀತು? ಕೊಬ್ಬರಿಯ ವಾಸನೆ ಗೊತ್ತಿರುವ ನಾಡಿನವರು ನಾವು. ತಿಪಟೂರಿನ ಕಡೆಯ ಅಟ್ಟವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ, ಅಷ್ಟು ಸಾಕು.

2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಈ ಬೇರ್ಪಡಿಕೆ ಕಾನೂನುಬಾಹಿರವೆಂದು ಅಭಿಪ್ರಾಯ ನೀಡಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 116 ದೇಶಗಳು ಮಾರಿಷಸ್ ಪರ ನಿಂತವು, ಭಾರತವೂ ಸೇರಿದಂತೆ. ವಿರುದ್ಧ ಬಿದ್ದದ್ದು ಆರೇ ಮತ. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ ಮಾತ್ರ 99 ವರ್ಷ ಬ್ರಿಟನ್ನಿನ ಹಿಡಿತದಲ್ಲಿ. ಚಾಗೋಸ್‌ನವರು ಬೇರೆ ದ್ವೀಪಗಳಲ್ಲಿ ನೆಲೆಸಬಹುದಂತೆ, ಆ ದ್ವೀಪದಲ್ಲಿ ಮಾತ್ರ ಕೂಡದು. ಇದನ್ನು ನಾನು ನ್ಯಾಯ ಎಂದು ಕರೆಯಲಾರೆ.

ನಮ್ಮ ಕಡೆಗೂ ಒಮ್ಮೆ ತಿರುಗಬೇಕು. 2024ರ ಫೆಬ್ರವರಿ 29ರಂದು ಮಾರಿಷಸ್‌ನ ಅಗಲೇಗಾ ದ್ವೀಪದಲ್ಲಿ ಭಾರತ ಕಟ್ಟಿಕೊಟ್ಟ ವಿಮಾನದಾರಿ ಮತ್ತು ಹಡಗುಕಟ್ಟೆ ಉದ್ಘಾಟನೆಯಾದವು. ವಿಮಾನದಾರಿಯ ಉದ್ದ ಸುಮಾರು 3 ಕಿಲೋಮೀಟರ್, ದ್ವೀಪದ ಜನಸಂಖ್ಯೆ ಸುಮಾರು 300. ಅದು ಸೇನಾ ನೆಲೆಯಲ್ಲ ಎಂದು ಮಾರಿಷಸ್ ಸರ್ಕಾರ ಹೇಳಿದೆ. ಹಿಂದೂ ಮಹಾಸಾಗರದಲ್ಲಿ ಭಾರತಕ್ಕೆ ಕಣ್ಣು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಚೀನಾ 2017ರಲ್ಲೇ ಜಿಬೂಟಿಯಲ್ಲಿ ನೆಲೆ ತೆರೆದಿದೆ. ಆದರೆ ಅಗಲೇಗಾದವರೂ ತೆಂಗನ್ನೇ ನಂಬಿ ಬಾಳಿದವರು, ಚಾಗೋಸ್‌ನವರಿಗೆ ಏನಾಯಿತೆಂದು ಚೆನ್ನಾಗಿ ಬಲ್ಲವರು. ಆ ದಾರಿಯಲ್ಲಿ ಇಳಿಯುವ ವಿಮಾನಗಳ ಮೇಲೆ ಯಾರ ಮಾತು ನಡೆಯುತ್ತದೆ, ದ್ವೀಪದವರ ಮನೆ ಮತ್ತು ಮೀನುಗಾರಿಕೆಯ ಬಗ್ಗೆ ಬರಹದಲ್ಲಿ ಏನು ಭರವಸೆಯಿದೆ ಎಂದು ನಮ್ಮ ಸಂಸದರನ್ನು ಕೇಳಬೇಕಾದವರು ನಾವು, ದಂಡಿನ ಪಕ್ಕದಲ್ಲಿ ಬಾಳಿದ ಊರಿನವರು. ನಾನು ನಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆದು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.