ಸೆಕೆಂಡಿನ ನೂರನೇ ಒಂದು ಭಾಗ: ಟ್ಯಾಗ್ ಹ್ಯೂಯರ್ ಕಥೆ

ಎಲ್ಲರಿಗೂ ನಮಸ್ಕಾರ. ಟ್ಯಾಗ್ ಹ್ಯೂಯರ್ ವಾಚ್ ಅಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಶಾರುಖ್ ಖಾನ್ ಜಾಹೀರಾತು ಮತ್ತು ಎದೆ ಝಲ್ ಅನ್ನಿಸುವ ಬೆಲೆ. ಆದರೆ ಈ ಕಂಪನಿ ಮೊದಲು ಹೆಸರು ಮಾಡಿದ್ದು ಸ್ಟಾಪ್‌ವಾಚಿನಿಂದ. ಶೋಕಿ ಎಲ್ಲ ಆಮೇಲೆ ಬಂತು.

1860ರಲ್ಲಿ ಸ್ವಿಟ್ಜರ್ಲೆಂಡಿನ ಜುರಾ ಬೆಟ್ಟಗಳ ಸಾಂತ್-ಇಮಿಯೇ ಊರಲ್ಲಿ ಎಡ್ವರ್ಡ್ ಹ್ಯೂಯರ್ ಕೆಲಸ ಶುರುಮಾಡಿದ. ಆಗ ವಯಸ್ಸು ಬರೀ 20. ಅವನ ದೊಡ್ಡ ಕೆಲಸ 1887ರ ಪೇಟೆಂಟ್. ಕ್ರೋನೋಗ್ರಾಫ್ ಅಂದರೆ ಸ್ಟಾಪ್‌ವಾಚ್ ಸೇರಿಕೊಂಡಿರುವ ಗಡಿಯಾರ, ಗೊತ್ತಲ್ವಾ? ಗುಂಡಿ ಒತ್ತಿದ ಕೂಡಲೇ ಓಡುತ್ತಿರುವ ಚಕ್ರಕ್ಕೂ ಸುಮ್ನೆ ನಿಂತಿರುವ ಮುಳ್ಳಿನ ಚಕ್ರಕ್ಕೂ ಕೊಂಡಿ ಬೀಳಬೇಕು. ಹ್ಯೂಯರ್ ಅಲ್ಲಿ ಎರಡೂ ತುದಿಗೆ ಹಲ್ಲಿರುವ ಒಂದು ಸಣ್ಣ ಕಡ್ಡಿ ಇಟ್ಟ. ಒತ್ತಿದರೆ ಅದು ಚೂರು ವಾಲಿ ಎರಡನ್ನೂ ಕೂಡಿಸುತ್ತದೆ, ಮತ್ತೆ ಒತ್ತಿದರೆ ಸರಿಯುತ್ತದೆ. ಇದರ ಹೆಸರು ಆಸಿಲೇಟಿಂಗ್ ಪಿನಿಯನ್. ಇವತ್ತಿನ ಎಷ್ಟೋ ಕ್ರೋನೋಗ್ರಾಫ್‌ಗಳಲ್ಲಿ ಇದೇ ಕಡ್ಡಿ ಇದೆ.

1916ರಲ್ಲಿ ಮೈಕ್ರೋಗ್ರಾಫ್ ಬಂತು. ಆಗಿನ ಮಾಮೂಲಿ ಸ್ಟಾಪ್‌ವಾಚ್ ಸೆಕೆಂಡನ್ನು ಐದು ಭಾಗ ಮಾಡುತ್ತಿತ್ತು, ಇದು ನೂರು ಭಾಗ ಮಾಡಿತು. ಒಳಗಿನ ಚಕ್ರ ಗಂಟೆಗೆ 3,60,000 ಸಲ ಮಿಡಿಯಬೇಕು. ಬ್ಯಾಟರಿ ಇಲ್ಲ, ಬರೀ ಸ್ಪ್ರಿಂಗು! 1920ರ ದಶಕದ ಒಲಿಂಪಿಕ್ಸ್‌ಗಳಲ್ಲಿ ಹ್ಯೂಯರ್ ಸ್ಟಾಪ್‌ವಾಚುಗಳು ಕೆಲಸ ಮಾಡಿದವು. 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಗೆ ಮೂರು ಸುತ್ತು ಹಾಕಿದಾಗ ಸ್ಪೇಸ್ ಸೂಟಿನ ಮೇಲೆ ಕಟ್ಟಿಕೊಂಡಿದ್ದೂ ಹ್ಯೂಯರ್ ಸ್ಟಾಪ್‌ವಾಚೇ.

ನನಗೆ ಈ ಕಥೆಯಲ್ಲಿ ಇಷ್ಟವಾಗುವ ಮನುಷ್ಯ ಎಡ್ವರ್ಡ್‌ನ ಮರಿಮಗ ಜ್ಯಾಕ್ ಹ್ಯೂಯರ್. ಇಂಜಿನಿಯರಿಂಗ್ ಓದಿದವರು. 1958ರಲ್ಲಿ ಒಂದು ಕಾರ್ ರ‍್ಯಾಲಿಯಲ್ಲಿ ಡ್ರೈವರ್ ಪಕ್ಕ ಕೂತು ದಾರಿ, ಸಮಯ ಹೇಳುತ್ತಿದ್ದರು. ಡ್ಯಾಶ್‌ಬೋರ್ಡಿನಲ್ಲಿದ್ದದ್ದು ತಮ್ಮದೇ ಕಂಪನಿಯ ಗಡಿಯಾರ, ಅದನ್ನೇ ತಪ್ಪಾಗಿ ಓದಿಬಿಟ್ಟರು, ಗೆಲುವು ಕೈತಪ್ಪಿತು. ಕುಲುಕಾಡುವ ಕಾರಿನಲ್ಲಿ ಮುಳ್ಳು ಕಾಣದಿದ್ದರೆ ಅದು ಎಷ್ಟು ಕರಾರುವಾಕ್ಕಾಗಿ ಓಡಿದರೂ ಏನು ಬಂತು? ಅದಕ್ಕೇ ಜ್ಯಾಕ್ ತಂದ 1963ರ ಕರೆರಾ ವಾಚ್ ನೋಡಿ. ಡಯಲ್ಲಿನಲ್ಲಿ ಬೇಡದ್ದು ಒಂದೂ ಇಲ್ಲ. ಹೆಸರು ಮೆಕ್ಸಿಕೋದ ಕರೆರಾ ಪನಾಮೆರಿಕಾನಾ ರೇಸಿನದು. ಎಷ್ಟೋ ಜೀವ ತೆಗೆದ ಆ ರೇಸು 1954ಕ್ಕೇ ನಿಂತುಹೋಗಿತ್ತು.

1969ರ ಮಾರ್ಚ್‌ನಲ್ಲಿ ಬ್ರೈಟ್ಲಿಂಗ್, ಬ್ಯೂರೆನ್-ಹ್ಯಾಮಿಲ್ಟನ್ ಎಂಬ ವಾಚ್ ಕಂಪನಿಗಳ ಜೊತೆ ಸೇರಿ ತಾನಾಗೇ ಕೀಲಿ ತುಂಬಿಕೊಳ್ಳುವ ಕ್ರೋನೋಗ್ರಾಫ್ ತೋರಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಝೆನಿತ್ ಮತ್ತು ಜಪಾನಿನ ಸೈಕೋ ಕೂಡ ಅಂಥದ್ದನ್ನು ತಂದವು. ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ. ಇದೇ ಯಂತ್ರ ಹಾಕಿದ ಚೌಕದ ವಾಚೇ ಮೊನಾಕೊ. 1971ರ ಸಿನಿಮಾವೊಂದರಲ್ಲಿ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಅದನ್ನು ಕಟ್ಟಿಕೊಂಡರು. ಆ ಸಿನಿಮಾದಲ್ಲಿ ಬಳಸಿದ ಒಂದು ಮೊನಾಕೊ 2020ರಲ್ಲಿ 22 ಲಕ್ಷ ಡಾಲರ್‌ಗೆ ಹರಾಜಾಯಿತು.

ಅದೇ 1969ರ ಡಿಸೆಂಬರ್‌ನಲ್ಲಿ ಸೈಕೋದ ಕ್ವಾರ್ಟ್ಜ್ ವಾಚ್, ಅಂದರೆ ಬ್ಯಾಟರಿಯಲ್ಲಿ ಓಡುವ ವಾಚ್, ಮಾರುಕಟ್ಟೆಗೆ ಬಂತು. ಸ್ವಿಸ್ ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಎಲ್ಲರೂ ಕ್ವಾರ್ಟ್ಜ್ ಒಂದನ್ನೇ ಬೈಯುತ್ತಾರೆ, ನಾನು ಒಪ್ಪುವುದಿಲ್ಲ. ಡಾಲರ್‌ಗೆ 4 ಸ್ವಿಸ್ ಫ್ರಾಂಕ್‌ಗಿಂತ ಜಾಸ್ತಿ ಇದ್ದದ್ದು 1978ಕ್ಕೆ 2ಕ್ಕಿಂತ ಕೆಳಗೆ ಬಂತು. ಅಮೆರಿಕದ ಗಿರಾಕಿಗೆ ಸ್ವಿಸ್ ವಾಚು ಎರಡುಪಟ್ಟು ತುಟ್ಟಿಯಾಯಿತು, ಯಾರು ಕೊಳ್ಳುತ್ತಾರೆ? (ಕ್ವಾರ್ಟ್ಜ್ ಏಟು ನಮ್ಮ ಬೆಂಗಳೂರಿನ ಎಚ್‌ಎಂಟಿಗೂ ಬಿತ್ತು, ಟೈಟನ್ ಬಂದ ಮೇಲೆ.)

ಜ್ಯಾಕ್ ಸುಮ್ಮನಿರಲಿಲ್ಲ. ಫೆರಾರಿಗೆ ಟೈಮಿಂಗ್ ಯಂತ್ರ ಮಾಡಿಕೊಟ್ಟರು, ಡಿಜಿಟಲ್ ವಾಚನ್ನೂ ತಂದರು. ಆದರೂ 1982ರಲ್ಲಿ ಮನೆತನದ ಕಂಪನಿಯನ್ನೇ ಬಿಟ್ಟು ಹೋಗಬೇಕಾಯಿತು. 1985ರಲ್ಲಿ ಟ್ಯಾಗ್ ಎಂಬ ಕಂಪನಿ ಕೊಂಡುಕೊಂಡು ತನ್ನ ಹೆಸರನ್ನು ಮುಂದೆ ಅಂಟಿಸಿತು. 1999ರಲ್ಲಿ ಫ್ರಾನ್ಸಿನ ಐಷಾರಾಮಿ ವಸ್ತುಗಳ ಕಂಪನಿ ಎಲ್‌ವಿಎಂಎಚ್ ಪಾಲಾಯಿತು. ಹೊಸ ಯಜಮಾನರು 2001ರಲ್ಲಿ ಜ್ಯಾಕ್ ಅವರನ್ನು ಗೌರವ ಅಧ್ಯಕ್ಷರಾಗಿ ಕರೆದರು. ಅವರು ಒಪ್ಪಿ ಮರಳಿದರು, 2013ರವರೆಗೂ ಆ ಹುದ್ದೆಯಲ್ಲಿದ್ದರು.